ನಿಧಿಯ ಪೆಟ್ಟಿಗೆಯನ್ನು ಹೇಗೆ ವರ್ಣಿಸಲಿ?

ಪ್ರಶ್ನೆ: ಭಾನುವಾರ ಐದಾರು ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರಾಗನ್ಸ್ (ಮಾತಿನಲ್ಲೇ ಕತೆ ಕಟ್ಟುತ್ತ ಆಡುವ ಆಟ) ನಡೆಸುತ್ತೇನೆ. ಗುಹೆಯಲ್ಲಿ ‘ಸುಂದರ ಕೆತ್ತನೆಯ ಪೆಟ್ಟಿಗೆ’ ಸಿಕ್ಕಿತು ಎಂದರೆ, ‘ಎಷ್ಟಕ್ಕೆ ಮಾರಬಹುದು?’ ಎಂದು ಕೇಳಿ ಮುಂದೆ ಹೋಗುತ್ತಾರೆ. ವರ್ಣಿಸುವ ಶಕ್ತಿಯೇ ನನಗಿಲ್ಲವೇ?
– ಓದುಗ, ಮಲ್ಲೇಶ್ವರ

ಉತ್ತರ: ಕಷ್ಟಪಟ್ಟು ಕಟ್ಟಿದ ಗುಹೆಯನ್ನು ಗೆಳೆಯರು ಚೌಕಾಸಿ ಮಾಡಿ ದಾಟಿಬಿಡುತ್ತಾರೆ ಎಂಬುದು ನಿಮ್ಮ ನೋವು. ಅದು ಸಹಜ. ಆದರೆ ಶಕ್ತಿ ಇಲ್ಲವೆಂದು ಎದೆಗುಂದಬೇಡಿ. ‘ಸುಂದರ’ ಎಂಬ ಮಾತಿನಲ್ಲಿ ಮುಟ್ಟಿ ನೋಡಲು ಏನೂ ಇಲ್ಲ, ತೊಂದರೆ ಅಷ್ಟೇ. ಆಟದ 2014ರ ಪುಸ್ತಕವೂ ಬೆಳ್ಳಿ ಹೂಜಿಗೆ 25 ಚಿನ್ನದ ನಾಣ್ಯ ಎಂದು ಬೆಲೆ ಬರೆದು ಸುಮ್ಮನಾಗುತ್ತದೆ. ಉಳಿದದ್ದನ್ನು ಡಂಜನ್ ಮಾಸ್ಟರ್ (ಆಟ ನಡೆಸುವವರು, ಅಂದರೆ ನೀವು) ಹೇಳಬೇಕು.

ಒಂದು ಬಿದ್ರಿ ಡಬ್ಬಿಯನ್ನು ಕೈಗೆತ್ತಿಕೊಳ್ಳಿ. ಮನೆಯಲ್ಲಿ ಇಲ್ಲದಿದ್ದರೆ ಮಹಾತ್ಮ ಗಾಂಧಿ ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ನೋಡಿ ಬನ್ನಿ. ಬೀದರಿನ ಕುಶಲಕರ್ಮಿಗಳು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ (ಕಲಾಯಿಯವರು ಬಳಸುವ ಉಪ್ಪು) ಬೆರೆಸಿದ ನೀರಿನ ಕೆಲಸ. ಅದು ತಾಗಿದರೆ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇದನ್ನು ನಿಮ್ಮ ಗುಹೆಯಲ್ಲಿಡಿ. ಪಂಜಿನ ಬೆಳಕಿಗೆ ಮೊದಲು ಡಬ್ಬಿ ಕಾಣುವುದಿಲ್ಲ, ಕತ್ತಲಲ್ಲಿ ತೇಲುವ ಬೆಳ್ಳಿಯ ಬಳ್ಳಿ ಕಾಣುತ್ತದೆ. ಎತ್ತಿಕೊಂಡವರಿಗೆ, ಅಂಗೈಯಗಲದ್ದು ಇಷ್ಟು ಭಾರವೇ ಎನಿಸುತ್ತದೆ.

ಚನ್ನಪಟ್ಟಣದ ಕುಂಕುಮ ಭರಣಿಯಾದರೆ ಹಗುರ, ನುಣುಪು. ಗಿರ‍್ರನೆ ತಿರುಗುವ ಮರಕ್ಕೆ ಅರಗಿನ ಬಣ್ಣ ತಿಕ್ಕಾಟದ ಬಿಸಿಯಲ್ಲೇ ಕರಗಿ ಹತ್ತುವುದರಿಂದ ಕುಂಚದ ಗುರುತು ಎಲ್ಲೂ ಇರದು. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಪೆಟ್ಟಿಗೆಯನ್ನು ಕಣ್ಣಿಗಿಂತ ಮೊದಲು ಮೂಗಿಗೆ ಕೊಡಿ.

ಮೂರು ವಾಕ್ಯ ಸಾಕು. ಬೆಲೆ ಕೊನೆಗಿರಲಿ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬಳಕೆಯ ಗುರುತು: ಸುಣ್ಣದ ಡಬ್ಬಿಯ ಸಂದಿಯಲ್ಲಿ ಒಣಗಿದ ಸುಣ್ಣ, ಹೆಬ್ಬೆರಳು ಒತ್ತಿ ಒತ್ತಿ ಒಂದೇ ಕಡೆ ಸವೆದ ಮುಚ್ಚಳ. ಇಲ್ಲಿ ದಿನಾ ಕೂತು ಎಲೆಯಡಿಕೆ ಮೆಲ್ಲುತ್ತಿದ್ದವರು ಎಲ್ಲಿ ಹೋದರು ಎಂಬ ಪ್ರಶ್ನೆ ನಿಮ್ಮ ಗೆಳೆಯರಲ್ಲೇ ಏಳಲಿ.

ಪ್ರಶ್ನೆ: ನನ್ನ ಮಗಳು ಇಂಥದ್ದೇ ಆಟದಲ್ಲಿ ನಮ್ಮ ಮನೆಯ ದೇವರ ಪೆಟ್ಟಿಗೆಯನ್ನೇ ಕಳ್ಳರು ದೋಚುವ ನಿಧಿ ಮಾಡಿದ್ದಾಳೆ. ಮನಸ್ಸಿಗೆ ಕಸಿವಿಸಿ. ಬೈದರೆ ನೊಂದುಕೊಳ್ಳುತ್ತಾಳೆ.
– ಒಬ್ಬ ತಾಯಿ, ಚಾಮರಾಜಪೇಟೆ

ಉತ್ತರ: ನಿಮಗೆ ಕಸಿವಿಸಿಯಾದದ್ದು ತಪ್ಪಲ್ಲ, ತಾಯಿ. ಅವಳ ಮನಸ್ಸಿನಲ್ಲೂ ಅಗೌರವ ಇದ್ದಿರಲಾರದು. ಮನೆಯಲ್ಲಿ ಎಲ್ಲರೂ ಮಡಿಯಿಂದ ಮುಟ್ಟುವ ವಸ್ತು ಅದು. ಅಮೂಲ್ಯವಾದದ್ದು ಯಾವುದೆಂದು ಹುಡುಕಿದಾಗ ಅವಳಿಗೆ ಅದೇ ಹೊಳೆದಿದೆ. ಆದರೂ ಪೂಜೆಯ ವಸ್ತು ಆಟಕ್ಕೆ ಬೇಡವೆನಿಸಿದರೆ, ಬೇಡವೆಂದೇ ಸಮಾಧಾನವಾಗಿ ಹೇಳಿ. ಬದಲಿಗೆ ಅಟ್ಟದಲ್ಲಿ ಹಳೆಯ ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆ ಇದ್ದರೆ ಇಳಿಸಿ ಕೊಡಿ. ಹುಣಸೆಹಣ್ಣು ಹಚ್ಚಿ ಇಬ್ಬರೂ ಕೂತು ಬೆಳಗಿ. ಮದುವೆಯಲ್ಲಿ ಕೊಟ್ಟ ಪಾತ್ರೆಗಳಂತೆ ಅದರ ತಳದಲ್ಲೂ ಹೆಸರು ಕೊರೆಸಿದ್ದರೆ, ಅದು ಯಾರದೆಂದು ಅವಳಿಗೆ ಹೇಳಿ.