ಸಬ್‌ವೂಫರ್ ಪೆಟ್ಟಿಗೆ ಮನೆಯಲ್ಲೇ ಮಾಡಿಕೊಳ್ಳಿ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಳ್ಳೆಯ ವೂಫರ್ ತಂದು, ಕೈಗೆ ಸಿಕ್ಕ ಹಳೆಯ ಪೆಟ್ಟಿಗೆಯಲ್ಲಿ ಕೂರಿಸಿ, ‘ಬೇಸ್ ಬರ್ತಾನೇ ಇಲ್ಲ’ ಎಂದು ಬೇಸರಪಡುವವರು ಬಹಳ ಮಂದಿ. ವೂಫರಿನದೇನೂ ತಪ್ಪಿಲ್ಲ. ಕೋನ್ ಮುಂದಕ್ಕೆ ಗಾಳಿ ದೂಡುವಾಗ ಹಿಂದುಗಡೆ ಒತ್ತಡ ಇಳಿಯುತ್ತದೆ. ಈ ಎರಡೂ ಅಲೆಗಳು ಕೂಡಿಕೊಂಡರೆ ತಗ್ಗು ಸ್ವರ ಅಲ್ಲೇ ಸತ್ತುಹೋಗುತ್ತದೆ. ಹಿಂದಿನ ಅಲೆಯನ್ನು ಕಟ್ಟಿಹಾಕುವುದೇ ಪೆಟ್ಟಿಗೆಯ ಕೆಲಸ. ಹಾಗಾಗಿ ಮೊದಲು ವೂಫರ್ ಕೊಳ್ಳಿ, ಆಮೇಲೆ ಅದಕ್ಕೆ ತಕ್ಕ ಪೆಟ್ಟಿಗೆ ಮಾಡಿ.

ಕೊಳ್ಳುವಾಗ ಡೇಟಾ ಶೀಟ್ ಕೇಳಿ ಪಡೆಯಿರಿ. ಅದರಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂಬ ಮೂರು ಸಂಖ್ಯೆಗಳಿರಬೇಕು. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ ಲೆಕ್ಕಾಚಾರಕ್ಕೆ ಇವೇ ಆಧಾರ. ಸಾವಿರಾರು ವಾಟ್ ‘ಪಿಎಂಪಿಒ’ ಎಂದಷ್ಟೇ ಬರೆದಿರುವ ಮಾಲು ಬೇಡವೇ ಬೇಡ. ಆರ್‌ಎಂಎಸ್ ವಾಟ್ ಮಾತ್ರ ನಂಬಿ.

ಮೊದಲ ಸಲ ಮಾಡುವವರಿಗೆ ಪೋರ್ಟ್ ಇಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆಯೇ ಸರಿ. ಪೋರ್ಟಿನ ಕೊಳವೆಯ ಉದ್ದ ತಪ್ಪಿದರೆ ಎಲ್ಲ ಹಾಡೂ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತದೆ. ಮುಚ್ಚಿದ ಪೆಟ್ಟಿಗೆಯ ಲೆಕ್ಕ ಸುಲಭ: 0.707 ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 1 ಕಳೆಯಿರಿ. ಆ ಸಂಖ್ಯೆಯಿಂದ ವಿಎಎಸ್ ಅನ್ನು ಭಾಗಿಸಿದರೆ ಪೆಟ್ಟಿಗೆಯ ಒಳಗಾತ್ರ ಲೀಟರಿನಲ್ಲಿ ಸಿಗುತ್ತದೆ. ಕ್ಯೂಟಿಎಸ್ 0.5, ವಿಎಎಸ್ 40 ಲೀಟರ್ ಇರುವ 10 ಇಂಚಿನ ವೂಫರಿಗೆ 40 ಲೀಟರ್. ವೂಫರ್ ಮತ್ತು ಒಳಗಿನ ಪಟ್ಟಿ ತಿನ್ನುವ ಜಾಗಕ್ಕೆ ಇನ್ನೊಂದು 3 ಲೀಟರ್ ಸೇರಿಸಿ.

ಇದಕ್ಕೆ 18 ಮಿ.ಮೀ. ಪ್ಲೈವುಡ್‌ನ ಅರ್ಧ ಹಾಳೆ, ಅಂದರೆ 4 ಅಡಿಗೆ 4 ಅಡಿ, ಸಾಕು. ಎಂಡಿಎಫ್ ಅಗ್ಗ, ಆದರೆ ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಅದರ ಅಂಚು ಉಬ್ಬುತ್ತದೆ. ಮುಂದಿನ, ಹಿಂದಿನ ಹಲಗೆ 41.6×41.6 ಸೆಂ.ಮೀ.; ಮೇಲಿನದು, ಕೆಳಗಿನದು 41.6×30, ಪಕ್ಕದವು 38×30. ಕೈಗರಗಸಕ್ಕಿಂತ ಬಡಗಿಯ ಟೇಬಲ್ ಗರಗಸದಲ್ಲಿ ಕೊಯ್ಯಿಸಿ; ಅಂಚು ನೇರವಾಗಿದ್ದರೆ ಮುಂದಿನ ಅರ್ಧ ಕೆಲಸ ಹಗುರ. ವೂಫರಿನ ತೂತನ್ನು ಡೇಟಾ ಶೀಟಿನ ಅಳತೆಗೇ ಜಿಗ್‌ಸಾದಿಂದ ಕತ್ತರಿಸಿ.

ಜೋಡಣೆಗೆ ಮೊಳೆ ಬೇಡ, ಸ್ಕ್ರೂ ಬಳಸಿ. ಮೊದಲೇ ಸಣ್ಣ ತೂತು ಕೊರೆಯದಿದ್ದರೆ ಪ್ಲೈ ಸೀಳುತ್ತದೆ. ಅಂಚಿಗೆ ಫೆವಿಕಾಲ್ ಧಾರಾಳವಾಗಿ ಹಚ್ಚಿ, ಬಿಗಿದಾಗ ಅದು ಸಂದಿಯುದ್ದಕ್ಕೂ ಹೊರಗೆ ಇಣುಕಬೇಕು. ಪಕ್ಕದ ಹಲಗೆಗಳ ನಡುವೆ ಒಂದು ಅಡ್ಡಪಟ್ಟಿ ಕೊಡಿ. ಫೆವಿಕಾಲ್ ಒಣಗಿದ ಮೇಲೆ ಒಳಮೂಲೆಗಳಿಗೆಲ್ಲ ಸಿಲಿಕೋನ್ ಎಳೆದು ಒಂದು ದಿನವಾದರೂ ಬಿಡಿ. ಹಸಿ ಸಿಲಿಕೋನಿನ ಹುಳಿವಾಸನೆಯ ಆವಿ ವೂಫರಿಗೆ ಒಳ್ಳೆಯದಲ್ಲ. ದಿಂಬಿನ ಫೈಬರ್ ಸಡಿಲವಾಗಿ ತುಂಬಿ. ತಂತಿ ಹೊರಬರುವ ತೂತನ್ನೂ ಮುಚ್ಚಿ. ವೂಫರಿನ ಸುತ್ತ ಫೋಮ್ ಟೇಪ್ ಅಂಟಿಸಿ ಸ್ಕ್ರೂ ಬಿಗಿಯಿರಿ.

ಆಂಪ್ಲಿಫೈಯರ್‌ಗೆ ಜೋಡಿಸುವ ಮೊದಲು ಎರಡು ಪರೀಕ್ಷೆ. ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ವೂಫರಿನ ತಂತಿಗಳಿಗೆ ಒಂದು ಕ್ಷಣ ಮುಟ್ಟಿಸಿ: ಕೋನ್ ಮುಂದೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ್ದೇ ವೂಫರಿನ ಪ್ಲಸ್. ಮತ್ತೆ, ಕೋನನ್ನು ನಾಲ್ಕೂ ಕಡೆಯಿಂದ ಸಮನಾಗಿ ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ನಿಧಾನವಾಗಿ ಮರಳಿದರೆ ಪೆಟ್ಟಿಗೆ ಭದ್ರ. ಥಟ್ಟನೆ ಮರಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಆಗ ಆಂಪ್ಲಿಫೈಯರ್‌ಗೆ ಜೋಡಿಸಿ, 30 ಹರ್ಟ್ಸ್ ಸ್ವರ ಸಣ್ಣಗೆ ನುಡಿಸುತ್ತಾ ಸಂದಿಗಳ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಅದುರಿದ ಜಾಗಕ್ಕೆ ಇನ್ನಷ್ಟು ಸಿಲಿಕೋನ್.

ಕ್ರಾಸ್‌ಓವರ್ ಅನ್ನು 80 ಹರ್ಟ್ಸ್‌ಗೆ ಇಡಿ. ಮೂಲೆಯಲ್ಲಿಟ್ಟರೆ ಬೇಸ್ ಹೆಚ್ಚುತ್ತದೆ, ಕೆಲವೊಮ್ಮೆ ಅತಿಯಾಗುತ್ತದೆ. ಒಂದೊಂದೇ ಅಡಿ ಸರಿಸಿ ಕೇಳಿ. ತಗ್ಗು ಸ್ವರ ಗೋಡೆ ದಾಟಿ ಪಕ್ಕದ ಮನೆಗೂ ಹೋಗುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು ಪೆಟ್ಟಿಗೆಯಡಿ ದಪ್ಪ ರಬ್ಬರ್ ಬುಷ್ ಹಾಕಿ, ರಾತ್ರಿ ಹತ್ತರ ಮೇಲೆ ಸಬ್‌ವೂಫರ್ ಆರಿಸಿಬಿಡಿ.