ಅಟ್ಟದಿಂದ ಇಳಿದ ರೇಜರ್ ಸಾಧುವೋ, ಜೋರೋ?

ದೇವನಹಳ್ಳಿ, ಹೊಸಕೋಟೆ ಸುತ್ತ ಜಮೀನಿಗೆ ಬೆಲೆ ಬಂದ ಮೇಲೆ ಹೆಂಚಿನ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಅಟ್ಟ ಖಾಲಿ ಮಾಡುವಾಗ ತಾತನ ಟ್ರಂಕೂ ಕೆಳಗೆ ಬರುತ್ತದೆ. ಕ್ರಯಪತ್ರ, ಕನ್ನಡಕದ ಡಬ್ಬಿ, ಓಡದ ನಾಣ್ಯಗಳ ನಡುವೆ ಒಮ್ಮೊಮ್ಮೆ ಹಳೇ ಶೇವಿಂಗ್ ಸೆಟ್ಟೂ ಸಿಗುತ್ತದೆ. ಎರಡೂ ಕಡೆ ಅಲಗಿರುವ ಈಗಿನ ಬ್ಲೇಡಿನದ್ದಲ್ಲ, ಒಂದೇ ಕಡೆ ಅಲಗಿರುವ ಜಾತಿಯದ್ದು. ಕೆಲವರು ಅದನ್ನು ಗುಜರಿಗೆ ಹಾಕುತ್ತಾರೆ. ಇನ್ನು ಕೆಲವರು ಹುಮ್ಮಸ್ಸಿನಲ್ಲಿ ಅವತ್ತೇ ಕೆನ್ನೆಗಿಟ್ಟು, ಮಧ್ಯಾಹ್ನದ ಹೊತ್ತಿಗೆ ಕತ್ತಿನ ಉರಿಗೆ ಕೊಬ್ಬರಿ ಎಣ್ಣೆ ಹುಡುಕುತ್ತಾರೆ.

ಎರಡಕ್ಕೂ ಮುಂಚೆ ತಿಳಿಯಬೇಕಾದದ್ದು ಆ ರೇಜರ್ ಎಷ್ಟು ಜೋರು ಅನ್ನುವುದನ್ನು. ಗ್ಯಾರೇಜಿನ ಫೀಲರ್ ಗೇಜು, ಸ್ಟೀಲ್ ಸ್ಕೇಲು, ಒಂದು ತುಂಡು ಪಟಿಕ, ಒಂದೆರಡು ವಾರದ ತಾಳ್ಮೆ ಇದ್ದರೆ ಅದನ್ನು ಮನೆಯಲ್ಲೇ ಕಂಡುಕೊಳ್ಳಬಹುದು.

ಮೊದಲು ಗುರುತು ಹಿಡಿಯಿರಿ

ಒಂಟಿ ಅಲಗು ನಮ್ಮ ಕಡೆಯವರಿಗೆ ಹೊಸದೇನಲ್ಲ. ದೊಡ್ಡಬಳ್ಳಾಪುರದ ಯಾವ ಕಟಿಂಗ್ ಶಾಪಿಗೆ ಹೋದರೂ ಬ್ಲೇಡನ್ನು ಕಾಗದದ ಸಮೇತ ಮಡಚಿ ಟಕ್ ಎಂದು ಎರಡು ಮಾಡಿ, ಅರ್ಧವನ್ನು ಕತ್ತಿಗೆ ಸಿಕ್ಕಿಸುವುದು ಕಾಣುತ್ತದೆ. ಅದಕ್ಕೂ ಹಿಂದೆ ಇದ್ದದ್ದು ಮಸೆದು ಬಳಸುವ ಮಡಚು ಕತ್ತಿ. 1896ರಲ್ಲಿ ಸೇನೆಯ ಜೊತೆ ಬೆಂಗಳೂರು ದಂಡಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ನಸುಕಿಗೂ ಮೊದಲೇ ಬಂದು ಗಲ್ಲ ಎತ್ತಿ ಹಿಡಿದು ಕತ್ತಿ ಆಡಿಸುತ್ತಿದ್ದ ಕ್ಷೌರಿಕನ ಸಂಗತಿಯನ್ನು 1930ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಷ್ಟು ಹೊತ್ತಿಗಾಗಲೇ ಅಮೆರಿಕದಲ್ಲಿ ಕತ್ತಿಗೆ ತಡೆ ಕಟ್ಟಿಯಾಗಿತ್ತು. ನ್ಯೂಯಾರ್ಕಿನ ಕಾಂಫೆ ಸಹೋದರರು 1880ರಲ್ಲೇ ‘ಸ್ಟಾರ್’ ರೇಜರಿಗೆ ಪೇಟೆಂಟ್ ಪಡೆದಿದ್ದರು. ಜಿಲೆಟ್ಟಿನ ಎರಡಲಗಿನ ರೇಜರ್ ಮಾರುಕಟ್ಟೆಗೆ ಬಂದದ್ದು 1903ರಲ್ಲಿ.

ಹಳೇ ಸಾಮಾನಿನಲ್ಲಿ ಸಿಗಬಹುದಾದವು ಮುಖ್ಯವಾಗಿ ನಾಲ್ಕು ಬಗೆ. ಇಂಗ್ಲೆಂಡಿನಿಂದ ಬಂದದ್ದಾದರೆ ಅದು ರೋಲ್ಸ್ ರೇಜರ್ ಇರಬಹುದು. ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ ತಯಾರಾಗುತ್ತಿದ್ದ ಇದಕ್ಕೂ ಕಾರಿನ ರೋಲ್ಸ್‌ಗೂ ಸಂಬಂಧವಿಲ್ಲ; ಸಂತೆಯಲ್ಲಿ ಆ ಹೆಸರು ಹೇಳಿ ಬೆಲೆ ಏರಿಸಿದರೆ ನಕ್ಕು ಮುಂದೆ ಹೋಗಬಹುದು. ಬೆಳ್ಳಗೆ ಹೊಳೆಯುವ ಚಪ್ಪಟೆ ಲೋಹದ ಡಬ್ಬಿ, ಒಂದು ಮುಚ್ಚಳದೊಳಗೆ ಸಾಣೆಕಲ್ಲು, ಇನ್ನೊಂದರೊಳಗೆ ಚರ್ಮದ ಪಟ್ಟಿ. ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿದರೆ ಬ್ಲೇಡು ಟಕಟಕ ಮಗುಚಿಕೊಂಡು ಮಸೆದುಕೊಳ್ಳುತ್ತದೆ. ಇದರ ಬ್ಲೇಡನ್ನು ಬಿಸಾಡುವಂತಿಲ್ಲ, ಮಸೆದೇ ಬಳಸಬೇಕು.

ಎರಡನೆಯದು ಹೆನ್ರಿ ಗೈಸ್‌ಮನ್ ರೂಪಿಸಿದ ವ್ಯಾಲೆಟ್ ಆಟೋಸ್ಟ್ರಾಪ್. ಚರ್ಮದ ಪಟ್ಟಿ ರೇಜರಿನ ತಲೆಯೊಳಗೇ ಹಾದುಹೋಗುವಂತೆ ಕಿಂಡಿ ಇರುವುದೇ ಇದರ ಗುರುತು. ಈ ಕಂಪನಿ 1930ರಲ್ಲಿ ಜಿಲೆಟ್ ಜೊತೆ ಸೇರಿತು. ಮೂರನೆಯದು ಅಮೆರಿಕದ ಜೆಮ್ ಮತ್ತು ಎವರ್‌ರೆಡಿ ಮನೆತನ. ಮುಚ್ಚಳ ಮೇಲಕ್ಕೆ ತೆರೆದುಕೊಂಡರೆ ಸಂಗ್ರಾಹಕರು ‘1912’ ಎನ್ನುವ ಜೂನಿಯರ್, ಹಿಡಿಯ ಬುಡದ ತಿರುಪು ತಿರುಗಿಸಿದಾಗ ತಲೆ ತೆರೆದುಕೊಂಡರೆ ಮೈಕ್ರೋಮ್ಯಾಟಿಕ್. ನಾಲ್ಕನೆಯದು ಜೇಕಬ್ ಶಿಕ್ ಅವರ ಇಂಜೆಕ್ಟರ್: ಪುಟ್ಟ ತಲೆಯ ಪಕ್ಕದಿಂದ ಹೊಸ ಬ್ಲೇಡು ತಳ್ಳಿದರೆ ಹಳೆಯದು ಇನ್ನೊಂದು ಕಡೆಯಿಂದ ಆಚೆ ಬರುತ್ತದೆ.

ತೊಳೆದು, ಕುಂದು ನೋಡಿ

ಹಿತ್ತಾಳೆ ಪಾತ್ರೆ ಎಂದುಕೊಂಡು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬಾರದು. ಮೇಲಿನ ಲೇಪ ಎದ್ದುಹೋಗುತ್ತದೆ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಬೇಕಲೈಟ್ ಹಿಡಿಯಾದರೆ ಉಗುರುಬೆಚ್ಚಗಿನ ನೀರು. ಒರೆಸಿ ಒಣಗಿಸಿದ ಮೇಲೆ ಸರ್ಜಿಕಲ್ ಸ್ಪಿರಿಟ್ ಹಚ್ಚಿ ಆರಲು ಬಿಡಬೇಕು. ಡಬ್ಬಿಯಲ್ಲಿ ಉಳಿದಿರುವ ಹಳೇ ಬಿಡಿ ಬ್ಲೇಡು ಎಷ್ಟೇ ಹೊಳೆಯಲಿ, ಮುಖಕ್ಕೆ ಬೇಡ. ಇನ್ನೊಬ್ಬರ ರಕ್ತ ತಗುಲಿದ ಬ್ಲೇಡಿನಿಂದ ಹೆಪಟೈಟಿಸ್ ಬಿ, ಸಿ ಹರಡಬಹುದು.

ಆಮೇಲಿನ ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಬ್ಲೇಡನ್ನು ನೇರವಾಗಿ ಕೂರಿಸಲು ತಲೆಯ ಎರಡು ತುದಿಯಲ್ಲಿ ಪುಟ್ಟ ಕೊಂಡಿಗಳಿರುತ್ತವೆ. ಬಚ್ಚಲಲ್ಲಿ ಒಮ್ಮೆ ಕೈಜಾರಿ ಬಿದ್ದಿದ್ದರೂ ಅವುಗಳಲ್ಲೊಂದು ಬಾಗಿರಬಹುದು. ಆಗ ಬ್ಲೇಡಿನ ಒಂದು ಮೂಲೆ ಮುಂದೆ ಬಂದು ಒಂದು ಕೆನ್ನೆಯನ್ನಷ್ಟೇ ಕೊಯ್ಯುತ್ತದೆ. ರೇಜರ್ ಜೋರು ಎಂದು ದೂರುವವರಲ್ಲಿ ಹಲವರ ಕೈಯಲ್ಲಿರುವುದು ಇಂಥ ಸೊಟ್ಟ ರೇಜರ್. ಬಾಚಣಿಗೆಯಂಥ ಹಲ್ಲುಗಳಿರುವ ಮಾದರಿಯಾದರೆ ಪ್ರತಿ ಹಲ್ಲನ್ನೂ ಬೆಳಕಿಗೆ ಹಿಡಿದು ನೋಡಬೇಕು. ಬಾಗಿದ ಕೊಂಡಿಯನ್ನು ಇಕ್ಕಳದಲ್ಲಿ ತಿದ್ದಲು ಹೊರಟರೆ ಅದು ಮುರಿಯುವುದೇ ಹೆಚ್ಚು.

ಸಂದು, ಚಾಚು, ಕೋನ, ಬಿಗಿ

ಬ್ಲೇಡಿನ ಅಲಗಿಗೂ ಕೆಳಗಿನ ತಡೆಪಟ್ಟಿಗೂ ನಡುವಿನ ಜಾಗವೇ ಸಂದು. ಬೈಕಿನ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜು ನೆಲಮಂಗಲದ ಯಾವ ಗ್ಯಾರೇಜಿನಲ್ಲೂ ಇರುತ್ತದೆ. ಅದರ ಎಲೆಗಳನ್ನು ಪಕ್ಕದಿಂದ ತೂರಿಸುತ್ತ ಹೋದರೆ ಸಂದು ಎಷ್ಟೆಂದು ತಿಳಿಯುತ್ತದೆ. ಉಕ್ಕಿಗೆ ಉಕ್ಕು ತಗುಲಿ ಅಲಗು ಹಾಳಾಗುವುದರಿಂದ ಅಳತೆಗೆ ಸವೆದ ಬ್ಲೇಡೇ ಇರಲಿ. ಗೇಜು ಸಿಗದಿದ್ದರೆ ಜೆರಾಕ್ಸ್ ಕಾಗದದ ಸಣ್ಣ ಪಟ್ಟಿಗಳೂ ಆದೀತು. ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಐದಾರು ಹಾಳೆಗೇ ಬಿಗಿಯಾದರೆ ಸಂದು ಕಿರಿದು, ಹತ್ತು ಹಾಳೆ ಸಲೀಸಾಗಿ ಹೋದರೆ ದೊಡ್ಡದು. ಎರಡು ತುದಿಯಲ್ಲೂ, ನಡುವೆಯೂ ಅಳೆಯಬೇಕು. ಮೂರು ಕಡೆ ಮೂರು ಲೆಕ್ಕ ಬಂದರೆ ಮೊದಲು ಹೇಳಿದ ಕೊಂಡಿಯನ್ನು ಮತ್ತೆ ನೋಡುವುದು ಒಳ್ಳೆಯದು.

ಸಂದಿಗಿಂತ ಮುಖ್ಯವಾದದ್ದು ಚಾಚು. ರೇಜರಿನ ತಲೆಯ ಮೇಲ್ಭಾಗಕ್ಕೂ ತಡೆಪಟ್ಟಿಗೂ ತಾಗುವಂತೆ ಸ್ಟೀಲ್ ಸ್ಕೇಲಿನ ನೇರ ಅಂಚನ್ನು ಇಟ್ಟು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಬೇಕು. ಸ್ಕೇಲಿಗೂ ಅಲಗಿಗೂ ನಡುವೆ ಬೆಳಕಿನ ಗೆರೆ ಕಂಡರೆ ಅಲಗು ಒಳಗೇ ಅಡಗಿದೆ, ಅದು ಸಾಧು. ಬೆಳಕು ಕಾಣದೆ ಸ್ಕೇಲು ಅಲಗಿನ ಮೇಲೆಯೇ ಕೂತು ಆಚೀಚೆ ಓಲಾಡಿದರೆ ಅಲಗು ಹೊರಗೆ ಚಾಚಿದೆ, ಅದು ಜೋರು. ಸಂದು ದೊಡ್ಡದಿದ್ದೂ ಅಲಗು ಒಳಗಿದ್ದರೆ ರೇಜರ್ ಮೆತ್ತಗೇ ಇರಬಹುದು. ಸಂದಿನ ಒಂದೇ ಅಂಕಿ ನೋಡಿ ಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ಕೋನವನ್ನು ಕೈಯೇ ಹೇಳುತ್ತದೆ. ಜೆಮ್ ಜಾತಿಯಲ್ಲಿ ತಲೆಯ ಚಪ್ಪಟೆ ಭಾಗವನ್ನು ಕೆನ್ನೆಗೆ ಪೂರ್ತಿ ಒರಗಿಸಿ, ಹಿಡಿಯನ್ನು ಅಲಗು ತಾಗುವಷ್ಟೇ ತಗ್ಗಿಸಬೇಕು. ಎರಡಲಗಿನ ರೇಜರಿನ ಅಭ್ಯಾಸದಲ್ಲಿ ಹಿಡಿಯನ್ನು ಇನ್ನೂ ಇಳಿಸಿದರೆ ಗಡ್ಡ ಬೋಳಿಸುವ ಬದಲು ಚರ್ಮ ಹೆರೆದಂತಾಗುತ್ತದೆ. ಇಂಜೆಕ್ಟರಿನ ತಲೆಯೂ ಹೀಗೆಯೇ ಕೆನ್ನೆಗೆ ಒರಗಿಕೊಳ್ಳುತ್ತದೆ. ತಪ್ಪು ಕೋನದಲ್ಲಿ ಹಿಡಿದು ರೇಜರಿಗೆ ಅಂಕ ಕೊಟ್ಟರೆ ಆ ಹೋಲಿಕೆಗೆ ಅರ್ಥವಿಲ್ಲ.

ಇನ್ನು ಬಿಗಿ. ಸಾಮಾನ್ಯ ಎರಡಲಗಿನ ಬ್ಲೇಡಿನ ದಪ್ಪ 0.1 ಮಿಲಿಮೀಟರ್, ಜೆಮ್ ಬ್ಲೇಡಿನದ್ದು ಸುಮಾರು 0.23. ದುಪ್ಪಟ್ಟಿಗಿಂತ ಹೆಚ್ಚು ದಪ್ಪ ಇರುವುದರಿಂದ ಅದು ಗಡುಸು ಗಡ್ಡಕ್ಕೆ ತಾಗಿದಾಗ ಬಾಗುವುದಿಲ್ಲ, ನಡುಗುವುದಿಲ್ಲ. ಸಂದು, ಚಾಚು ಎರಡೂ ಒಂದೇ ಇದ್ದರೂ ಒಂಟಿ ಅಲಗು ಹೆಚ್ಚು ನುಣ್ಣಗೆ ತೆಗೆಯುವುದು ಈ ಗಟ್ಟಿತನದಿಂದಲೇ. ಜೋರು ಎಂದರೆಲ್ಲ ಒರಟು ಎಂದಲ್ಲ. ಗಡ್ಡ ಚೆನ್ನಾಗಿ ತೆಗೆದೂ ಚರ್ಮವನ್ನು ಸುಮ್ಮನೆ ಬಿಡುವ ರೇಜರ್‌ಗಳಿವೆ. ಗಡ್ಡ ಉಳಿಸಿ ಚರ್ಮ ಕೆರೆಯುವ, ಹಾಲು ಕೊಡದೆ ಹಾಯುವ ಹಸುವಿನಂಥವೂ ಇವೆ.

ಬಳಸಿದವರ ಅನುಭವದಲ್ಲಿ ವ್ಯಾಲೆಟ್, ಇಂಜೆಕ್ಟರ್ ಎರಡೂ ಸಾಧು ಕಡೆಗೇ. ಜೆಮ್ 1912 ನಡುಮಧ್ಯ. ಬಾಚಣಿಗೆ ಹಲ್ಲಿನ ಮೈಕ್ರೋಮ್ಯಾಟಿಕ್ ಜೋರು. ಎರಡು ಮೂರು ದಿನದ ಗಡ್ಡವಿದ್ದವರಿಗೆ ಹೇಳಿ ಮಾಡಿಸಿದ್ದು, ದಿನಾ ಬೋಳಿಸುವವರಿಗೆ ಅತಿಯಾಗುತ್ತದೆ. ರೋಲ್ಸ್‌ನ ಲೆಕ್ಕವೇ ಬೇರೆ. ಅದರ ಜೋರು ಮಸೆದವನ ಕೈಯಲ್ಲಿದೆ. ಅಲಗಿನಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಕಪಾಟಿನಲ್ಲಿ ಇಟ್ಟು ನೋಡುವುದಕ್ಕಷ್ಟೇ ಸರಿ.

ಬ್ಲೇಡು ಎಲ್ಲಿಂದ

ಊರಿನ ಅಂಗಡಿಯಲ್ಲಿ ಸಿಗುವುದು ಎರಡಲಗಿನ ಬ್ಲೇಡು ಮಾತ್ರ. ಜೆಮ್ ಬ್ಲೇಡು, ಇಂಜೆಕ್ಟರ್ ಬ್ಲೇಡು, ವ್ಯಾಲೆಟ್‌ಗೆ ಕೂರುವ ಜಪಾನಿನ ಫೆದರ್ ಎಫ್‌ಎಚ್‌ಎಸ್-10 ಇವನ್ನೆಲ್ಲ ಆನ್‌ಲೈನ್‌ನಲ್ಲೇ ತರಿಸಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಗಾಜಿನ ಮೇಲಿನ ಪೇಂಟ್ ಕೆರೆಯಲು ಇದೇ ಆಕಾರದ ಬ್ಲೇಡು ಸಿಗುತ್ತದೆ. ಅದನ್ನು ಮುಖಕ್ಕೆ ಹಚ್ಚಲೇಬಾರದು.

ಬ್ಲೇಡಿನಲ್ಲೂ ಸಾಧು, ಜೋರು ಇದೆ. ಲೇಪವಿಲ್ಲದ ಕಾರ್ಬನ್ ಉಕ್ಕಿನದ್ದು ಹರಿತ, ಆದರೆ ಬಳಸಿದ ಕೂಡಲೇ ಒರೆಸಿಡದಿದ್ದರೆ ತುಕ್ಕು ಹಿಡಿಯುತ್ತದೆ. ಟೆಫ್ಲಾನ್ ಜಾತಿಯ ಲೇಪವಿರುವ ಸ್ಟೇನ್‌ಲೆಸ್ ಬ್ಲೇಡು ನಯವಾಗಿ ಜಾರುತ್ತದೆ, ಹೊಸಬರಿಗೆ ಅದೇ ಒಳ್ಳೆಯದು. ಹರಿತ ಬ್ಲೇಡಿಗಿಂತ ಮೊಂಡು ಬ್ಲೇಡೇ ಹೆಚ್ಚು ಗಾಯ ಮಾಡುತ್ತದೆ. ಮೊಂಡಾದದ್ದನ್ನು ಒತ್ತಿ ಎಳೆಯಬೇಕಾಗುತ್ತದೆ, ಒತ್ತಿದರೆ ಚರ್ಮ ಉಬ್ಬಿ ಸಂದಿನೊಳಗೆ ಸಿಕ್ಕಿಕೊಳ್ಳುತ್ತದೆ.

ಕೆನ್ನೆಯ ಮೇಲೆ ಪರೀಕ್ಷೆ

ಹೋಲಿಕೆ ಎಂದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ರೇಜರ್ ಹೋಲಿಸುವಾಗ ಬ್ಲೇಡು, ಸೋಪು, ನೀರು, ಗಡ್ಡದ ಉದ್ದ ಎಲ್ಲ ಒಂದೇ ಇರಲಿ. ಬ್ಲೇಡು ಹೋಲಿಸುವಾಗ ರೇಜರ್ ಒಂದೇ ಇರಲಿ. ಹೊಸ ರೇಜರಿಗೆ ಹೊಸ ಬ್ಲೇಡು, ಹೊಸ ಕ್ರೀಮು ಮೂರನ್ನೂ ಒಟ್ಟಿಗೆ ಬದಲಿಸಿ ತೀರ್ಪು ಕೊಡುವವರೇ ಜಾಸ್ತಿ.

ನೀರನ್ನು ಬೇರೆಯಾಗಿಯೇ ಹೇಳಬೇಕು. ದೇವನಹಳ್ಳಿ, ಹೊಸಕೋಟೆ ಸುತ್ತಿನ ಬಹುಪಾಲು ಮನೆಗಳಿಗೆ ಆಳದ ಬೋರ್‌ವೆಲ್ ನೀರೇ ಗತಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ನೊರೆಯ ಬದಲು ಬಿಳಿ ಚರಟವಾಗುತ್ತವೆ. ನೊರೆ ತೆಳುವಾದರೆ ಎಂಥ ಸಾಧು ರೇಜರೂ ಕೆರೆಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನಲ್ಲಿ ಒಂದು ಲೋಟ ಬಿಸಿ ಮಾಡಿ ನೊರೆ ಕಲೆಸಿದರೆ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ತೊಳೆಯುವುದಕ್ಕೆ ಬೋರ್ ನೀರೇ ಸಾಕು.

ಬೆಚ್ಚಗಿನ ನೀರಲ್ಲಿ ಗಡ್ಡ ಎರಡು ನಿಮಿಷ ನೆನೆಸಿ, ಬ್ರಷ್ಷಿನಲ್ಲಿ ನೊರೆ ಹಚ್ಚಬೇಕು. ಎಡಗೆನ್ನೆಗೆ ಒಂದು ರೇಜರ್, ಬಲಗೆನ್ನೆಗೆ ಇನ್ನೊಂದು. ಕೂದಲು ಬೆಳೆದ ದಿಕ್ಕಿನಲ್ಲಿ ಒಂದೇ ಸಲ ಎಳೆಯಬೇಕು, ಎದುರು ದಿಕ್ಕು ಪರೀಕ್ಷೆಯ ದಿನ ಬೇಡ. ಕತ್ತಿನಲ್ಲಿ ಕೂದಲು ಅಡ್ಡಡ್ಡ ಬೆಳೆದಿರುತ್ತದೆ, ಬೆರಳಾಡಿಸಿ ಮೊದಲೇ ದಿಕ್ಕು ತಿಳಿದುಕೊಳ್ಳಬೇಕು. ಮುಂದಿನ ಸಲ ಕೆನ್ನೆ ಅದಲುಬದಲು. ಬಲಗೈಯವರಿಗೆ ಎರಡು ಕೆನ್ನೆಯೂ ಒಂದೇ ಸಲೀಸಲ್ಲ, ಹಾಗಾಗಿ ಈ ಬದಲಾವಣೆ ತಪ್ಪಿಸುವಂತಿಲ್ಲ.

ತೊಳೆದ ಮೇಲೆ ಒದ್ದೆ ಪಟಿಕವನ್ನು ಮೆಲ್ಲಗೆ ಸವರಬೇಕು. ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಕಣ್ಣಿಗೆ ಕಾಣದ ಗೀರುಗಳಿವೆ. ಕೆನ್ನೆಯಿಡೀ ಉರಿದರೆ ಕೈ ಒತ್ತಿದೆ ಅಥವಾ ರೇಜರ್ ಆ ಚರ್ಮಕ್ಕೆ ಜೋರಾಯಿತು. ಒಂದೇ ಗೆರೆಯಲ್ಲಿ ಉರಿದರೆ ಬ್ಲೇಡು ಸೊಟ್ಟ ಕೂತಿರುವ ಸಾಧ್ಯತೆ ಹೆಚ್ಚು. ಉರಿ ಎಷ್ಟು, ಸಂಜೆ ಆರಕ್ಕೆ ಕೆನ್ನೆ ಸವರಿದಾಗ ಕುರುಚಲು ಎಷ್ಟು ಎಂದು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಬಹುದು. ಉರಿ ಕಡಿಮೆ ಇದ್ದು ಕುರುಚಲೂ ಕಡಿಮೆ ಇದ್ದ ಜೋಡಿಯೇ ಆ ಮುಖಕ್ಕೆ ಸರಿ.

ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಕೂದಲು ಚರ್ಮದೊಳಗೇ ಸುರುಳಿಯಾಗಿ ಗುಳ್ಳೆ ಏಳುವವರು ಜೋರು ರೇಜರಿನ ತಂಟೆಗೆ ಹೋಗದಿರುವುದೇ ಲೇಸು.

ಕೊಳ್ಳುವವರಿಗೆ, ಬಿಸಾಡುವವರಿಗೆ

ಅಟ್ಟದಲ್ಲಿ ಏನೂ ಸಿಗದವರು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಆಸುಪಾಸಿನ ಸಂಡೇ ಬಜಾರಿನಲ್ಲಿ ಹುಡುಕಬಹುದು. ಸ್ಕೇಲು ಜೇಬಿನಲ್ಲಿರಲಿ; ತಲೆ ತೆರೆದು ಮುಚ್ಚಿ, ಕೊಂಡಿ, ಹಲ್ಲು ನೋಡಿಯೇ ಚೌಕಾಸಿಗೆ ಇಳಿಯಬೇಕು. ದೇವನಹಳ್ಳಿ ವಿಮಾನ ನಿಲ್ದಾಣದ ಕಡೆ ಹೊರಟವರು ಬಿಡಿ ಬ್ಲೇಡುಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವಂತಿಲ್ಲ, ಚೆಕ್-ಇನ್ ಸಾಮಾನಿಗೇ ಹಾಕಬೇಕು.

ಸವೆದ ಬ್ಲೇಡನ್ನು ಕಸದ ಚೀಲಕ್ಕೆ ಹಾಗೇ ಹಾಕಿದರೆ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಖಾಲಿ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ ಹುಂಡಿಯಂತೆ ತುಂಬಿಸಿ, ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ‘ಬ್ಲೇಡು ಇದೆ’ ಎಂದು ದಪ್ಪಕ್ಷರದಲ್ಲಿ ಬರೆದು ಒಣಕಸದವರ ಕೈಗೆ ಹೇಳಿ ಕೊಡಬೇಕು.