ಅಳಿಸಿದ್ದೇಕೆಂದು ಕೇಳಿ, ಕನ್ನಡದಲ್ಲೇ ಕೇಳಿ

ರೊಳ್ಳದ ಹುಡುಗನೊಬ್ಬ ಮೊಬೈಲ್ ಗೇಮಿನ ಬಗ್ಗೆ ಕನ್ನಡದಲ್ಲಿ ವಿಡಿಯೊ ಮಾಡಿದ ಎಂದಿಟ್ಟುಕೊಳ್ಳಿ. ಆಟ ದುಡ್ಡು ಕೀಳುತ್ತದೆ, ಎರಡು ದಿನಕ್ಕೆ ಬೇಸರ ತರಿಸುತ್ತದೆ, ಫೋನು ಕಾಯುತ್ತದೆ ಎಂದು ತನಗೆ ಅನ್ನಿಸಿದ್ದನ್ನು ಹೇಳಿದ. ಮರುದಿನ ಬೆಳಿಗ್ಗೆ ನೋಡಿದರೆ ವಿಡಿಯೊ ಇಲ್ಲ. ನಿಯಮ ಮೀರಿದ್ದೀರಿ ಎಂಬ ಒಂದೇ ಸಾಲು. ಯಾವ ನಿಯಮ, ಯಾವ ಮಾತು ಎಂಬುದು ಗೊತ್ತಿಲ್ಲ. ಹುಡುಗ ಸುಮ್ಮನಾಗುತ್ತಾನೆ. ಕಂಪನಿ ಎಲ್ಲೋ, ತಾನೆಲ್ಲೋ. ಆಂಧ್ರದ ಗಡಿಯಲ್ಲಿ ಕನ್ನಡದಲ್ಲಿ ಮಾತಾಡಿದವನ ಅಹವಾಲು ಯಾರಿಗೆ ಬೇಕು ಎಂದುಕೊಳ್ಳುತ್ತಾನೆ. ಹೀಗೆ ಸುಮ್ಮನಾಗುವ ಅಗತ್ಯ ಅವನಿಗಿಲ್ಲ.

ಮೊದಲು, ಅವನು ಆಡಿದ ಮಾತು ತಪ್ಪೇ? ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನನಷ್ಟವನ್ನು ಅಪರಾಧ ಎನ್ನುತ್ತದೆ. ಶಿಕ್ಷೆ ಎರಡು ವರ್ಷದವರೆಗೆ ಹೋಗಬಹುದು. ಆದರೆ ಅದೇ ಕಲಮಿನಲ್ಲಿ ವಿನಾಯಿತಿಗಳೂ ಇವೆ. ಆರನೆಯದು ನಮಗೆ ತೀರ ಹತ್ತಿರದ್ದು: ಜನರೇ ನೋಡಿ ತೀರ್ಮಾನಿಸಲಿ ಎಂದು ಒಬ್ಬರು ಮುಂದಿಟ್ಟ ಕೃತಿಯ ಗುಣದೋಷವನ್ನು ಸದುದ್ದೇಶದಿಂದ ಆಡಿದರೆ ಅದು ಮಾನನಷ್ಟವಲ್ಲ. ಹಳೆಯ ದಂಡ ಸಂಹಿತೆಯ ಕಾಲದಿಂದಲೂ ಇದಕ್ಕೆ ಪುಸ್ತಕದ ಉದಾಹರಣೆ ಇದೆ. ಪುಸ್ತಕ ದಡ್ಡತನದ್ದು, ಬರೆದವನಿಗೆ ಬುದ್ಧಿ ಸಾಲದು ಎಂದರೆ ರಕ್ಷಣೆ ಉಂಟು, ಏಕೆಂದರೆ ಆ ಮಾತು ಪುಸ್ತಕ ಓದಿ ಬಂದದ್ದು. ಬರೆದವನೇ ಲಂಪಟ, ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವಿಲ್ಲ ಎಂದರೆ ರಕ್ಷಣೆ ಇಲ್ಲ. ಗೇಮೂ ಜನರ ಮುಂದಿಟ್ಟ ಕೃತಿಯೇ ಎಂದು ನಾನು ಓದಿಕೊಳ್ಳುತ್ತೇನೆ. ಹಾಗಾಗಿ ಆಟವನ್ನು ಎಷ್ಟು ಬೇಕಾದರೂ ಟೀಕಿಸಿ, ಮಾಡಿದವರ ಮನೆತನ, ನಡತೆಗೆ ಕೈ ಹಾಕಬೇಡಿ. ವಿಮರ್ಶೆಗೆಂದು ಆಟದ ತುಣುಕು ತೋರಿಸಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ನೆರವಿಗಿದೆ. ಟೀಕೆ, ವಿಮರ್ಶೆಗಾಗಿ ನ್ಯಾಯಯುತವಾಗಿ ಬಳಸಿದರೆ ಅದು ಉಲ್ಲಂಘನೆಯಲ್ಲ.

ಇನ್ನು ಕಂಪನಿಯ ವಿಷಯ. 2021ರ ಫೆಬ್ರುವರಿ 25ರಂದು ಹೊರಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸಾಮಾಜಿಕ ಜಾಲತಾಣ ತಾನಾಗಿಯೇ ನಿಮ್ಮ ಪೋಸ್ಟ್ ತೆಗೆಯುವುದಾದರೆ, ಏನು ಮಾಡುತ್ತಿದೆ, ಯಾಕೆ ಮಾಡುತ್ತಿದೆ ಎಂದು ಮೊದಲೇ ತಿಳಿಸಬೇಕು. ತಕರಾರು ಹೇಳಲು ತಕ್ಕ ಅವಕಾಶ ಕೊಡಬೇಕು. ಭಾರತದಲ್ಲೇ ವಾಸವಿರುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ವಿಳಾಸವನ್ನು ಆ್ಯಪ್‌ನಲ್ಲೋ ಜಾಲತಾಣದಲ್ಲೋ ಹಾಕಬೇಕು. ನೀವು ಬರೆಯಬೇಕಾದ್ದು ಅವರಿಗೆ. 24 ಗಂಟೆಯೊಳಗೆ ದೂರು ತಲುಪಿತೆಂದು ಅವರು ತಿಳಿಸಬೇಕು. ಇತ್ಯರ್ಥಕ್ಕೆ ಮೂಲ ನಿಯಮ ಕೊಟ್ಟ ಗಡುವು 15 ದಿನ. ಆಮೇಲಿನ ತಿದ್ದುಪಡಿಗಳು ಇದನ್ನು ಇನ್ನೂ ಬಿಗಿ ಮಾಡಿವೆ. ಉತ್ತರ ಸರಿಹೋಗದಿದ್ದರೆ 30 ದಿನದೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಕೇಂದ್ರ ಸರ್ಕಾರ 2023ರಲ್ಲಿ ಇಂಥ ಮೂರು ಸಮಿತಿಗಳನ್ನು ರಚಿಸಿತು. ಎಲ್ಲವೂ ಆನ್‌ಲೈನ್, ವಿಳಾಸ ಜಿಎಸಿ ಡಾಟ್ ಜಿಒವಿ ಡಾಟ್ ಇನ್. ಬಸ್ಸು ಹತ್ತಿ ಎಲ್ಲಿಗೂ ಹೋಗಬೇಕಿಲ್ಲ.

2022ರ ಅಕ್ಟೋಬರ್ ತಿದ್ದುಪಡಿ ಇನ್ನೂ ಎರಡು ಮಾತು ಸೇರಿಸಿತು. ಸಂವಿಧಾನದ 14, 19, 21ನೇ ವಿಧಿಗಳು ನಾಗರಿಕರಿಗೆ ಕೊಟ್ಟ ಹಕ್ಕುಗಳನ್ನು ಈ ಕಂಪನಿಗಳು ಗೌರವಿಸಬೇಕು ಎಂಬುದು ಒಂದು. ತಮ್ಮ ನಿಯಮಾವಳಿಯನ್ನು ಬಳಕೆದಾರರು ಬಯಸಿದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಕೊಡಬೇಕು ಎಂಬುದು ಇನ್ನೊಂದು. ಕನ್ನಡ ಆ ಅನುಸೂಚಿಯಲ್ಲಿದೆ. ಇಂಗ್ಲಿಷಿನ ನಲವತ್ತು ಪುಟಕ್ಕೆ ಒಪ್ಪಿಗೆ ಒತ್ತಿ, ಅದರಲ್ಲಿದ್ದದ್ದು ತಿಳಿಯದೆ ಶಿಕ್ಷೆಗೊಳಗಾಗುವ ನಮ್ಮ ಕಡೆಯ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಭಾಷೆಯ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ಅರ್ಜಿ ಬರೆಸಲೆಂದೇ ಯಾರನ್ನೋ ಹುಡುಕುವ ಪಾಡು ಹೊಸದಲ್ಲ. ಆದರೆ ಸಂವಿಧಾನದ 350ನೇ ವಿಧಿ ಸ್ಪಷ್ಟವಾಗಿದೆ: ಕುಂದುಕೊರತೆ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ. ಕೆಲಸ ಬೇಗ ಆಗಲೆಂದು ತೆಲುಗಿನಲ್ಲಿ ಐದು ಸಾಲು ಸಾರಾಂಶ ಜೊತೆಗಿಟ್ಟರೆ ಒಳ್ಳೆಯದು, ಕಡ್ಡಾಯವಲ್ಲ. ಮನವಿ ಜಿಲ್ಲಾ ಕಚೇರಿಗಾದರೆ ಇನ್ನೊಂದು ನೆನಪಿಡಿ: 2022ರ ಏಪ್ರಿಲ್ 4ರಿಂದ ಈ ಊರುಗಳಿರುವ ಮಡಕಶಿರ ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಜಿಲ್ಲಾ ಕೇಂದ್ರ ಪುಟ್ಟಪರ್ತಿ. ರಾಯದುರ್ಗದವರಿಗೆ ಇಂದಿಗೂ ಅನಂತಪುರವೇ.

ಪೋಸ್ಟ್ ಹಾಕಿದ್ದಕ್ಕೆ ಠಾಣೆಯಿಂದ ಕರೆ ಬಂದರೆ? ಮಾನನಷ್ಟ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಅದರ ತನಿಖೆಗೆ ಇಳಿಯುವಂತಿಲ್ಲ. ಐಟಿ ಕಾಯ್ದೆಯ 66ಎ ಕಲಂ ಹೇಳಿ ಹೆದರಿಸಿದರೆ, ಸುಪ್ರೀಂ ಕೋರ್ಟ್ ಅದನ್ನು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ ಎಂದು ಹೇಳಿ. ಆಮೇಲೂ ಕೇಸು ಹಾಕುತ್ತಿದ್ದುದನ್ನು ಕಂಡು 2022ರಲ್ಲಿ ಮತ್ತೆ ಎಚ್ಚರಿಸಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಅಗತ್ಯವಿಲ್ಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ ನೋಟಿಸ್ ಕೊಡಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ನೋಟಿಸ್ ಸಲ್ಲದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ಮಾರ್ಚ್ 28ರಂದು ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಅಪರಾಧಗಳಲ್ಲಿ ಎಫ್‌ಐಆರ್‌ಗೂ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತ ಎಂದಿತು. ಕ್ರಮಬದ್ಧ ನೋಟಿಸ್ ಬಂದರೆ ಮಾತ್ರ ತಪ್ಪಿಸಿಕೊಳ್ಳಬೇಡಿ. ಹಾಜರಾಗಿ, ಪ್ರತಿ ಇಟ್ಟುಕೊಳ್ಳಿ.

ಒಂದು ಕಡೆ ಮಾತ್ರ ನಾನು ಹುಡುಗರ ಪರ ನಿಲ್ಲಲಾರೆ. ದುಡ್ಡು ಕಟ್ಟಿ ಆಡುವ ಆಟವನ್ನು ಹೊಗಳಿ, ಲಿಂಕ್ ಕೊಟ್ಟು, ಕಮಿಷನ್ ಪಡೆಯುವುದು ಅಭಿಪ್ರಾಯವಲ್ಲ, ಜಾಹೀರಾತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇಂಥ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇಟ್ಟಿದೆ. ಆಂಧ್ರವಂತೂ 2020ರಲ್ಲೇ ತನ್ನ ಜೂಜು ಕಾಯ್ದೆಯನ್ನು ಬಿಗಿಗೊಳಿಸಿತ್ತು.

ಈಗ ಆ ಹುಡುಗ ಮಾಡಬೇಕಾದ್ದು: ಬಂದ ಸಂದೇಶದ ಸ್ಕ್ರೀನ್‌ಶಾಟ್, ತಾರೀಖು, ವಿಡಿಯೊದ ಮೂಲ ಪ್ರತಿ ಎತ್ತಿಡಬೇಕು. ದೂರಿನಲ್ಲಿ ಮೂರೇ ಪ್ರಶ್ನೆ: ಯಾವ ನಿಯಮ, ನನ್ನ ಯಾವ ಮಾತು, ತಿಳಿಸದೆ ಯಾಕೆ ತೆಗೆದಿರಿ. ಕೋರ್ಟಿನ ತನಕ ಹೋಗುವ ಹಾಗಾದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ವರಮಾನ ಕಡಿಮೆ ಇರುವವರಿಗೆ ವಕೀಲರ ನೆರವು ಉಚಿತ.